ಬೆಂಗಳೂರು–ಮಂಗಳೂರು: ವಿಮಾನವೋ, ರಾತ್ರಿ ಬಸ್ಸೋ, ರೈಲೋ? ಮನೆ ಬಾಗಿಲಿಂದ ಮನೆ ಬಾಗಿಲಿಗೆ ಲೆಕ್ಕ

ವಿಮಾನದ ಟಿಕೆಟ್‌ನಲ್ಲಿ ಬೆಂಗಳೂರಿಂದ ಮಂಗಳೂರಿಗೆ ಸುಮಾರು ಒಂದು ಗಂಟೆ ಐದು ನಿಮಿಷ ಎಂದಿರುತ್ತದೆ. ವೋಲ್ವೋ ಬಸ್ಸಿನ ಟಿಕೆಟ್‌ನಲ್ಲಿ ಏಳರಿಂದ ಎಂಟು ಗಂಟೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ವಿಮಾನ ಏಳು ಪಟ್ಟು ವೇಗ ಅನ್ನಿಸುತ್ತದೆ. ಮನೆಯ ಬೀಗ ಹಾಕಿದ ಕ್ಷಣದಿಂದ ಮುಟ್ಟಬೇಕಾದ ಮನೆಯ ಬಾಗಿಲು ತಟ್ಟುವ ಕ್ಷಣದವರೆಗೆ ಲೆಕ್ಕ ಹಾಕಿದರೆ ಈ ಅಂತರ ಎರಡು ಪಟ್ಟಿಗಿಂತಲೂ ಕೆಳಗಿಳಿಯುತ್ತದೆ. ಘಟ್ಟದ ಬುಡದ ಕೆಲವು ಊರುಗಳಿಗಂತೂ ವಿಮಾನ ಮತ್ತು ಬಸ್ಸು ಸಮಸಮ. ಹಾಗಾಗಿ ಎರಡು ನಿಲ್ದಾಣಗಳ ನಡುವಿನ ದೂರಕ್ಕಿಂತ ನಿಮ್ಮ ಮನೆ ಬೆಂಗಳೂರಿನ ಯಾವ ಮೂಲೆಯಲ್ಲಿದೆ, ಕರಾವಳಿಯಲ್ಲಿ ನೀವು ಹೋಗಬೇಕಾದ್ದು ಎಲ್ಲಿಗೆ, ಅದು ಯಾವ ತಿಂಗಳು ಎಂಬುದೇ ಮುಖ್ಯ.

306 ಕಿ.ಮೀ. ಎಂದರೆ ಯಾವ 306?

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಮತ್ತು ಮಂಗಳೂರಿನ ಬಜ್ಪೆ ನಿಲ್ದಾಣದ ನಡುವೆ ಭೂಮಿಯ ಮೇಲ್ಮೈಯಲ್ಲಿ ಅತಿ ಹತ್ತಿರದ ಗೆರೆ ಎಳೆದರೆ ಸುಮಾರು 306 ಕಿ.ಮೀ. ಬರುತ್ತದೆ. ಪೈಲಟ್‌ಗಳ ಲೆಕ್ಕದಲ್ಲಿ ಇದು 165 ನಾಟಿಕಲ್ ಮೈಲು (ಒಂದು ನಾಟಿಕಲ್ ಮೈಲು ಅಂದರೆ 1.852 ಕಿ.ಮೀ.). ಅಂತರ್ಜಾಲದಲ್ಲಿ ‘ವಿಮಾನದ ದೂರ’ ಎಂದು ಸಿಗುವ ಅಂಕಿ ಇದೇ. ಯಾವ ವಿಮಾನವೂ ಈ ಗೆರೆಯ ಮೇಲೇ ಹಾರುವುದಿಲ್ಲ. ಏರುವಾಗ ನಿಗದಿತ ದಾರಿ ಹಿಡಿಯಬೇಕು, ಇಳಿಯುವಾಗ ರನ್‌ವೇಯ ನೇರಕ್ಕೆ ಬರಬೇಕು. ಎರಡೂ ಸೇರಿ ನಿಜವಾಗಿ ಹಾರುವ ದೂರ ಈ ಗೆರೆಗಿಂತ ಹೆಚ್ಚೇ ಆಗುತ್ತದೆ.

ಇಲ್ಲಿ ಬಹಳ ಜನ ಒಂದು ತಪ್ಪು ಲೆಕ್ಕ ಹಾಕುತ್ತಾರೆ. ಜೆಟ್ ವಿಮಾನದ ವೇಗ ಗಂಟೆಗೆ 830 ಕಿ.ಮೀ. ಅಲ್ಲವೇ, 306 ಕಿ.ಮೀ. ಹೋಗಲು 22 ನಿಮಿಷ ಸಾಕಲ್ಲವೇ ಎಂದು. ಆ ವೇಗ ಎತ್ತರದಲ್ಲಿ ಸಮತಟ್ಟಾಗಿ ಹಾರುವಾಗಿನದು. ಇಷ್ಟು ಚಿಕ್ಕ ದಾರಿಯಲ್ಲಿ ಸಮತಟ್ಟಾಗಿ ಹಾರಲು ಜಾಗವೇ ಸಿಗುವುದಿಲ್ಲ. ವಿಮಾನ 26,000 ಅಡಿ ಏರಿತು ಎಂದಿಟ್ಟುಕೊಳ್ಳಿ. ಇಳಿಯುವಾಗ ಪ್ರತಿ ಸಾವಿರ ಅಡಿಗೆ ಸುಮಾರು 3 ನಾಟಿಕಲ್ ಮೈಲು ಬೇಕು, ಅಂದರೆ ಇಳಿಯುವುದಕ್ಕೇ 140 ಕಿ.ಮೀ.ಗಿಂತ ಹೆಚ್ಚು. ಏರುವುದಕ್ಕೆ 110–120 ಕಿ.ಮೀ. ನಡುವೆ ಉಳಿಯುವುದು ಸುಮಾರು ಐವತ್ತು ಕಿ.ಮೀ. ಮಾತ್ರ. ಜೊತೆಗೆ 10,000 ಅಡಿಗಿಂತ ಕೆಳಗೆ ವೇಗದ ಮಿತಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ.

ಈ ಕಾರಣಕ್ಕೇ ಪಂಖದ ಎಟಿಆರ್ 72 ವಿಮಾನವನ್ನು ಈ ದಾರಿಯಲ್ಲಿ ಕಡೆಗಣಿಸಬಾರದು. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ದೆಹಲಿಯಷ್ಟು ದೂರ ಹೋಗುವುದಾದರೆ ಇದು ಒಂದು ಗಂಟೆಗೂ ಮೀರಿದ ವ್ಯತ್ಯಾಸ. ಮಂಗಳೂರಿಗೆ ಬರೀ ಹತ್ತು–ಹನ್ನೆರಡು ನಿಮಿಷ. ಏರ್‌ಬಸ್ ಆಗಲಿ, ಬೋಯಿಂಗ್ ಆಗಲಿ, ಎಟಿಆರ್ ಆಗಲಿ, ಹೊರಡುವ ವೇಳೆ ನೋಡಿ ಆರಿಸಿಕೊಳ್ಳಿ. ವೇಗ ನೋಡಿ ಬೇಡ. ಎಟಿಆರ್‌ನಲ್ಲಿ ನಿಜವಾಗಿ ಗಮನಿಸಬೇಕಾದ್ದು ಬೇರೆ ಎರಡು ಸಂಗತಿ. ಸಾಮಾನ್ಯವಾಗಿ ಬಸ್ಸಿನಲ್ಲಿ ಕರೆದೊಯ್ದು ಹಿಂಬಾಗಿಲಿಂದ ಹತ್ತಿಸುತ್ತಾರೆ, ಏರೋಬ್ರಿಡ್ಜ್ (ನಿಲ್ದಾಣದಿಂದ ನೇರ ವಿಮಾನದ ಬಾಗಿಲಿಗೆ ನಡೆಯುವ ಸೇತುವೆ) ಇರುವುದಿಲ್ಲ. ತಲೆಯ ಮೇಲಿನ ಸಾಮಾನಿನ ಗೂಡು ಚಿಕ್ಕದು, ದೊಡ್ಡ ಟ್ರಾಲಿ ಬ್ಯಾಗು ಅಲ್ಲಿ ಹಿಡಿಸದು. ಮಂಡಿನೋವಿನ ಹಿರಿಯರಿದ್ದರೆ ವ್ಹೀಲ್‌ಚೇರ್ ಬೇಕೆಂದು 48 ಗಂಟೆ ಮೊದಲೇ ತಿಳಿಸಿಡಿ.

ಟಿಕೆಟ್‌ನ ಸಮಯ ಯಾಕೆ ಹಿಗ್ಗುತ್ತದೆ

ಟಿಕೆಟ್‌ನಲ್ಲಿ ಬರೆದಿರುವುದು ಹಾರುವ ಸಮಯವಲ್ಲ. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಮಂಗಳೂರಿನಲ್ಲಿ ಮತ್ತೆ ನಿಲ್ಲುವವರೆಗಿನ ಸಮಯ. ಬೆಂಗಳೂರಿನಲ್ಲಿ ಎರಡು ರನ್‌ವೇ ಇದ್ದರೂ ಬೆಳಿಗ್ಗೆ ಮತ್ತು ಸಂಜೆಯ ದಟ್ಟಣೆಯಲ್ಲಿ ನೆಲದ ಮೇಲೆ ತೆವಳಿಕೊಂಡು ಹೋಗಿ ಸರದಿಗೆ ಕಾಯುವುದರಲ್ಲೇ ಹದಿನೈದು–ಇಪ್ಪತ್ತು ನಿಮಿಷ ಹೋಗುತ್ತದೆ. ಬಜ್ಪೆಯಲ್ಲಿ ಇಳಿದ ಮೇಲೆ ನಾಲ್ಕೈದು ನಿಮಿಷದಲ್ಲಿ ನಿಲ್ಲುತ್ತದೆ.

ಗಾಳಿಯ ದಿಕ್ಕು ಸಮಯ ಬದಲಿಸುತ್ತದೆ, ಆದರೆ ಜನ ಅಂದುಕೊಂಡ ರೀತಿಯಲ್ಲಲ್ಲ. ಎದುರುಗಾಳಿ ಗಂಟೆಗೆ 30 ಕಿ.ಮೀ. ಇದ್ದರೂ ಎಟಿಆರ್‌ಗೆ 200 ಕಿ.ಮೀ. ದಾರಿಯಲ್ಲಿ ತಗಲುವ ಹೆಚ್ಚಿನ ಸಮಯ ಒಂದೂವರೆ ನಿಮಿಷ. ಅಮೆರಿಕದ ದಾರಿಯಲ್ಲಿ ಎದುರುಗಾಳಿ ಒಂದು ಗಂಟೆಗೂ ಹೆಚ್ಚು ತಿನ್ನಬಹುದು, ಇಲ್ಲಿ ಅದು ಲೆಕ್ಕಕ್ಕೇ ಇಲ್ಲ. ಗಾಳಿ ಬದಲಿಸುವುದು ರನ್‌ವೇಯ ಯಾವ ತುದಿಯಿಂದ ಹಾರಬೇಕು ಎಂಬುದನ್ನು. ಬೆಂಗಳೂರಿನ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಬೀಸುವಾಗ ವಿಮಾನ ಪಶ್ಚಿಮಕ್ಕೆ ಮುಖ ಮಾಡಿ ಹಾರುತ್ತದೆ, ಅದೇ ಮಂಗಳೂರಿನ ದಿಕ್ಕು. ಚಳಿಗಾಲದ ಮೂಡಣ ಗಾಳಿಯಲ್ಲಿ ಪೂರ್ವಕ್ಕೆ ಹಾರಿ, ಪೂರ್ತಿ ತಿರುಗಿ ಬರಬೇಕು. ಮಂಗಳೂರಿನಲ್ಲೂ ಹಾಗೆಯೇ. ಅಲ್ಲಿಯ ಮುಖ್ಯ ರನ್‌ವೇ ಈಶಾನ್ಯ–ನೈರುತ್ಯವಾಗಿದೆ. ಕಡಲಗಾಳಿ ಇದ್ದಾಗ ಘಟ್ಟದ ಕಡೆಯಿಂದ ಹೆಚ್ಚು ಸುತ್ತದೆ ಇಳಿಯುತ್ತದೆ. ನೆಲದಿಂದ ಕಡಲಿಗೆ ಗಾಳಿ ಬೀಸುವಾಗ ಸಮುದ್ರದ ಮೇಲೆ ಹೋಗಿ ತಿರುಗಿ ಬಂದು ಇಳಿಯಬೇಕು. ಎರಡೂ ಕಡೆ ಸುತ್ತು ಬಿದ್ದ ದಿನ ಹತ್ತು ನಿಮಿಷಕ್ಕೂ ಮೀರಿ ಹೆಚ್ಚಾಗುತ್ತದೆ.

ಈ ನಿಮಿಷಗಳಿಗೆ ಇನ್ನೊಂದು ಬೆಲೆಯೂ ಇದೆ. ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನಿಯಮದ ಪ್ರಕಾರ ತಿಳಿಸದೆ ವಿಮಾನ ರದ್ದಾದರೆ ಸಿಗುವ ಪರಿಹಾರದ ಮಿತಿ ಟಿಕೆಟ್‌ನ ಈ ಸಮಯವನ್ನೇ ಆಧರಿಸಿದೆ. ಒಂದು ಗಂಟೆಯೊಳಗಿನ ಪ್ರಯಾಣಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯದಕ್ಕೆ 7,500 ರೂಪಾಯಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ಮಂಗಳೂರಿನ ವಿಮಾನಗಳು ಸರಿಯಾಗಿ ಈ ಗಡಿಯ ಆಚೀಚೆ ಇವೆ, ಆದ್ದರಿಂದ ಟಿಕೆಟ್‌ನಲ್ಲಿ ಎಷ್ಟು ನಿಮಿಷ ಬರೆದಿದೆ ನೋಡಿಟ್ಟುಕೊಳ್ಳಿ. ಹವಾಮಾನದ ಕಾರಣಕ್ಕೆ ರದ್ದಾದರೆ ಈ ಪರಿಹಾರ ಇಲ್ಲ, ಹಣ ವಾಪಸು ಅಥವಾ ಬೇರೆ ವಿಮಾನ ಮಾತ್ರ. ಎರಡು ಗಂಟೆ ಮೀರಿ ತಡವಾದರೆ ತಿಂಡಿ–ಪಾನೀಯ ಕೊಡಬೇಕು. ಕೌಂಟರಿನಲ್ಲಿ ಕೇಳಿ ಪಡೆಯಿರಿ.

ನಿಜವಾದ ಲೆಕ್ಕ

ಜಯನಗರದ ಮನೆಯಿಂದ ಮಂಗಳೂರಿನ ಹಂಪನಕಟ್ಟೆಗೆ ಹೊರಟಿದ್ದೀರಿ ಎಂದುಕೊಳ್ಳೋಣ. ಮನೆಯಿಂದ ನಿಲ್ದಾಣಕ್ಕೆ 40 ಕಿ.ಮೀ.ಗಿಂತ ಹೆಚ್ಚು, ಒಂದೂವರೆ ಗಂಟೆ. ಬ್ಯಾಗು ಕೊಡುವುದಿದ್ದರೆ ಕೌಂಟರು 60 ನಿಮಿಷ ಮೊದಲೇ ಮುಚ್ಚುತ್ತದೆ, ಗೇಟು 25 ನಿಮಿಷ ಮೊದಲು. ಹಾಗಾಗಿ ನಿಲ್ದಾಣದಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಲೇಬೇಕು. ವಿಮಾನ 1 ಗಂಟೆ 5 ನಿಮಿಷ. ಇಳಿದು ಬ್ಯಾಗು ಹಿಡಿದು ಹೊರಬರಲು 25 ನಿಮಿಷ. ಬಜ್ಪೆ ಗುಡ್ಡ ಇಳಿದು ಮರವೂರು, ಕಾವೂರು, ಬೋಂದೆಲ್ ದಾಟಿ ಪೇಟೆಗೆ 40 ನಿಮಿಷ. ಒಟ್ಟು 5 ಗಂಟೆ 10 ನಿಮಿಷ.

ಅದೇ ಮನೆಯಿಂದ ಬಸ್ಸಿಗೆ: ಬಸ್ ನಿಲ್ದಾಣಕ್ಕೆ 40 ನಿಮಿಷ, ಕಾಯುವುದಕ್ಕೆ 20, ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಉಪ್ಪಿನಂಗಡಿ, ಬಿ.ಸಿ.ರೋಡ್ ದಾಟಿ ಸುಮಾರು 350 ಕಿ.ಮೀ.ಗೆ ಏಳೂವರೆ ಗಂಟೆ, ಮಂಗಳೂರಿನ ಬಿಜೈ ಬಸ್ ನಿಲ್ದಾಣದಿಂದ ರಿಕ್ಷಾಕ್ಕೆ 15 ನಿಮಿಷ. ಒಟ್ಟು 8 ಗಂಟೆ 45 ನಿಮಿಷ. ರಾತ್ರಿ ರೈಲಿಗೆ ಹತ್ತೂವರೆಯಿಂದ ಹನ್ನೊಂದು ಗಂಟೆ.

ಹಗಲಲ್ಲಿ ಹೋಗುವುದಾದರೆ ವಿಮಾನದಿಂದ ಮೂರೂವರೆ ಗಂಟೆ ಉಳಿಯುತ್ತದೆ. ಆದರೆ ರಾತ್ರಿ ಬಸ್ಸಿನ ಎಂಟು ಗಂಟೆಯಲ್ಲಿ ಆರು ಗಂಟೆ ನೀವು ಹೇಗೂ ಮಲಗುವ ಹೊತ್ತು. ಎಚ್ಚರ ಇರುವ ಹೊತ್ತನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಬಸ್ಸು ಎರಡೂಮುಕ್ಕಾಲು ಗಂಟೆ, ವಿಮಾನ ಐದು ಗಂಟೆ. ಶಿರಾಡಿಯ ತಿರುವುಗಳಲ್ಲೂ ನಿದ್ದೆ ಬರುವವರಿಗೆ, ಬೆಳಿಗ್ಗೆ ಹತ್ತಕ್ಕೆ ಮದುವೆಯೋ ಕೋರ್ಟೋ ಇರುವವರಿಗೆ ರಾತ್ರಿಯ ಸ್ಲೀಪರ್ ಬಸ್ಸೇ ಸರಿ. ಘಾಟಿಯಲ್ಲಿ ವಾಂತಿಯಾಗುವವರು, ಬೆನ್ನುನೋವಿನವರು, ಸಣ್ಣ ಮಗು ಕಟ್ಟಿಕೊಂಡವರು ವಿಮಾನಕ್ಕೆ ಹಣ ಹಾಕುವುದು ದುಂದಲ್ಲ.

ಬೆಂಗಳೂರಿನ ಮೂಲೆ ಬದಲಾದರೆ ತೀರ್ಮಾನವೂ ಬದಲಾಗುತ್ತದೆ. ಯಲಹಂಕ, ಜಕ್ಕೂರು, ಸಹಕಾರನಗರದವರಿಗೆ ನಿಲ್ದಾಣ ಅರ್ಧ–ಮುಕ್ಕಾಲು ಗಂಟೆ. ಅವರು ಸುಮಾರು ನಾಲ್ಕೂಕಾಲು ಗಂಟೆಯಲ್ಲಿ ಹಂಪನಕಟ್ಟೆಯಲ್ಲಿರುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಸಂಜೆ ಹೊತ್ತು ನಿಲ್ದಾಣ ಮುಟ್ಟಲೇ ಎರಡು ಗಂಟೆ ದಾಟುತ್ತದೆ. ಪೀಣ್ಯ, ದಾಸರಹಳ್ಳಿ, ನೆಲಮಂಗಲದವರ ಮನೆ ಮುಂದೆಯೇ ಮಂಗಳೂರಿನ ಬಸ್ಸು ಹೋಗುತ್ತದೆ; ಊರೊಳಗಿನ ಒಂದು ಗಂಟೆ ಉಳಿಯುವುದರಿಂದ ಅವರ ಲೆಕ್ಕ ಬಸ್ಸಿನ ಕಡೆಗೇ ವಾಲುತ್ತದೆ.

ನಿಲ್ದಾಣಕ್ಕೆ ಬಿಎಂಟಿಸಿಯ ವಾಯುವಜ್ರ ಬಸ್ಸುಗಳಿವೆ, ಮೆಜೆಸ್ಟಿಕ್‌ನಿಂದ ಕೆಐಎ–9, ಎಲೆಕ್ಟ್ರಾನಿಕ್ ಸಿಟಿಯಿಂದ ಕೆಐಎ–8. ಕ್ಯಾಬಿಗಿಂತ 20–30 ನಿಮಿಷ ಹೆಚ್ಚು ಹಿಡಿದರೂ ಖರ್ಚು ಎಷ್ಟೋ ಕಡಿಮೆ. ಎರಡೂ ತುದಿಯ ಕ್ಯಾಬ್ ಬಾಡಿಗೆ ಕೂಡಿಸಿದರೆ ಎಷ್ಟೋ ಸಲ ವೋಲ್ವೋ ಬಸ್ಸಿನ ಟಿಕೆಟ್‌ನಷ್ಟೇ ಆಗಿಬಿಡುತ್ತದೆ. ‘ವಿಮಾನ ಅಗ್ಗಕ್ಕೆ ಸಿಕ್ಕಿತು’ ಎನ್ನುವ ಮೊದಲು ಅದನ್ನು ಸೇರಿಸಿ ನೋಡಿ. ಎಲ್ಲ ದಾರಿಗೂ ಗಂಟಲು ಹೆಬ್ಬಾಳ. ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತು ಅಲ್ಲಿ ಸಿಕ್ಕಿಕೊಳ್ಳದ ಹಾಗೆ ವಿಮಾನ ಆರಿಸಿ. ಪೂರ್ವ ಭಾಗದವರು ಹೆಣ್ಣೂರು–ಬಾಗಲೂರು ದಾರಿಯಲ್ಲಿ ಹೋದರೆ ಹೆಬ್ಬಾಳದ ಗೊಡವೆಯೇ ಇಲ್ಲ. ಮಂಗಳೂರಿಂದ ವಾಪಸು ಬರುವಾಗಲೂ ಇದೇ ಮಾತು: ಸಂಜೆ ಆರಕ್ಕೆ ದೇವನಹಳ್ಳಿಯಲ್ಲಿ ಇಳಿದರೆ ಆಕಾಶದಲ್ಲಿ ಉಳಿಸಿದ್ದನ್ನು ಬಳ್ಳಾರಿ ರಸ್ತೆಯಲ್ಲಿ ಕಳೆದುಕೊಳ್ಳುತ್ತೀರಿ.

ಹೋಗಬೇಕಾದ್ದು ಮಂಗಳೂರು ಪೇಟೆಗಲ್ಲದಿದ್ದರೆ

ಕರಾವಳಿಗೆ ಹೋಗುವ ಎಲ್ಲರೂ ಹಂಪನಕಟ್ಟೆಗೆ ಹೋಗುವುದಿಲ್ಲ. ಮೂಡುಬಿದಿರೆ, ಕಟೀಲು, ಕಿನ್ನಿಗೋಳಿ, ಸುರತ್ಕಲ್ ಕಡೆಯವರಿಗೆ ಬಜ್ಪೆ ಮನೆಯ ಹಿತ್ತಲಿದ್ದ ಹಾಗೆ. ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದು ಪೇಟೆ ಹೊಕ್ಕು ಮತ್ತೆ ಉತ್ತರಕ್ಕೆ ಹೋಗುವುದಕ್ಕಿಂತ ವಿಮಾನ ಎಲ್ಲ ರೀತಿಯಲ್ಲೂ ಸಲೀಸು. ಉಡುಪಿ, ಮಣಿಪಾಲ ಬಜ್ಪೆಯಿಂದ 55–60 ಕಿ.ಮೀ., ಒಂದೂಕಾಲರಿಂದ ಒಂದೂವರೆ ಗಂಟೆ. ಅಲ್ಲಿಯವರೆಗೂ ವಿಮಾನಕ್ಕೆ ಅರ್ಥವಿದೆ.

ಕುಂದಾಪುರ, ಬೈಂದೂರಿನವರು ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ನೋಡಬೇಕು. ಅದು ಮಂಗಳೂರು ಸೆಂಟ್ರಲ್ ಹೊಕ್ಕದೆ ಪಡೀಲ್ ಬೈಪಾಸಿನಲ್ಲಿ ಕೊಂಕಣ ಹಳಿ ಹಿಡಿದು ಕಾರವಾರಕ್ಕೆ ಹೋಗುತ್ತದೆ, ನಸುಕಿನಲ್ಲೇ ಊರು ಮುಟ್ಟಿಸುತ್ತದೆ.

ಸುಬ್ರಹ್ಮಣ್ಯ, ಕಡಬ, ಉಪ್ಪಿನಂಗಡಿ, ಪುತ್ತೂರು, ಧರ್ಮಸ್ಥಳ, ಬೆಳ್ತಂಗಡಿಯವರಿಗೆ ವಿಮಾನ ಬೇಡ. ಬಸ್ಸು ಮತ್ತು ರೈಲು ಈ ಊರುಗಳನ್ನು ಮಂಗಳೂರಿಗಿಂತ ಮೊದಲೇ ಮುಟ್ಟುತ್ತವೆ. ವಿಮಾನದಲ್ಲಿ ಬಂದವರು ಘಟ್ಟದ ಕಡೆಗೆ ಮತ್ತೆ ಹಿಂದಕ್ಕೆ ಬರಬೇಕು. ಬಜ್ಪೆಯಿಂದ ಧರ್ಮಸ್ಥಳಕ್ಕೆ ಸುಮಾರು ಎರಡು ಗಂಟೆ, ಸುಬ್ರಹ್ಮಣ್ಯಕ್ಕೆ ಅದಕ್ಕೂ ಹೆಚ್ಚು. ಜಯನಗರದ ಲೆಕ್ಕಕ್ಕೆ ಇದನ್ನು ಕೂಡಿಸಿ ನೋಡಿ, ನೇರ ಬಸ್ಸಿಗೂ ವಿಮಾನಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಯಾವ ತಿಂಗಳಲ್ಲಿ ಯಾವುದು ಕೈ ಕೊಡುತ್ತದೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಜ್ಪೆಯ ಸಮಸ್ಯೆ ಮೋಡ. ನಿಲ್ದಾಣ ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ಕಟ್ಟಿದ್ದು, ಸಮುದ್ರ ಮಟ್ಟದಿಂದ ಸುಮಾರು 100 ಮೀಟರ್ ಎತ್ತರ. ಕೆಳಗಿನ ಪೇಟೆಯಲ್ಲಿ ಬರೀ ಮಳೆ ಇದ್ದಾಗಲೂ ಗುಡ್ಡದ ಮೇಲೆ ಮೋಡ ಕೂತು ರನ್‌ವೇ ಕಾಣದಂತಾಗುತ್ತದೆ. 2006ರಲ್ಲಿ ಬಳಕೆಗೆ ಬಂದ ಈ ರನ್‌ವೇಯ ಉದ್ದ 2,450 ಮೀಟರ್, ಎರಡೂ ತುದಿಯ ಆಚೆ ಕಣಿವೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು, ಎಂಟು ಜನ ಮಾತ್ರ ಬದುಕಿದರು. ಆದ್ದರಿಂದ ರನ್‌ವೇ ಕಾಣದಿದ್ದಾಗ ಪೈಲಟ್ ಮತ್ತೆ ಮೇಲೇರಿದರೆ, ಸುತ್ತು ಹಾಕಿ ಕಾದು ನೋಡಿ ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ಹೋದರೆ ಅದು ಸರಿಯಾದ ಕೆಲಸ. ಅದಕ್ಕಾಗಿ ಯಾರೂ ಸಿಬ್ಬಂದಿಯ ಮೇಲೆ ಕೂಗಾಡಬಾರದು.

ನೀವು ಮಾಡಬೇಕಾದ್ದು ಇಷ್ಟು: ಮಳೆಗಾಲದಲ್ಲಿ ದಿನದ ಕೊನೆಯ ವಿಮಾನ ಹಿಡಿಯಬೇಡಿ. ಹಿಂದೆ ಇನ್ನೊಂದೆರಡು ವಿಮಾನ ಇರುವಂಥದ್ದನ್ನು ಆರಿಸಿ. ಆಗ ವಾಪಸು ಬಂದರೂ ಅದೇ ದಿನ ಮತ್ತೊಂದು ಅವಕಾಶ ಇರುತ್ತದೆ. ತಪ್ಪಿಸಿಕೊಳ್ಳಲಾಗದ ಕಾರ್ಯ ಇದ್ದರೆ ಹಿಂದಿನ ದಿನವೇ ಹೊರಡಿ.

ಆದರೆ ಮಳೆಗಾಲದಲ್ಲಿ ಬಸ್ಸು–ರೈಲೇ ಭದ್ರ ಎಂದುಕೊಳ್ಳುವುದೂ ತಪ್ಪು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಾಟಿ ಹಳಿಯಲ್ಲಿ 57 ಸುರಂಗಗಳಿವೆ, ಏರು 50ಕ್ಕೆ 1. ಗಾಡಿ ಗಂಟೆಗೆ 30 ಕಿ.ಮೀ. ವೇಗದಲ್ಲೇ ಹೋಗಬೇಕು, ಹೆಚ್ಚುವರಿ ಎಂಜಿನ್ ಜೋಡಿಸಬೇಕು. ಈ ಒಂದು ತುಂಡಿಗೇ ಎರಡು ಗಂಟೆ ಮೀರುತ್ತದೆ. 2024ರ ಜುಲೈನಲ್ಲಿ ಎಡಕುಮೇರಿ ಬಳಿ ಮಣ್ಣು ಕುಸಿದು ರೈಲು ನಿಂತಾಗ ದಾರಿ ತೆರೆಯಲು ವಾರಕ್ಕೂ ಹೆಚ್ಚು ಹಿಡಿಯಿತು. ಶಿರಾಡಿಯ ದೋಣಿಗಾಲ್ ಕಡೆ ರಸ್ತೆ ಕುಸಿದರೆ ಚಾರ್ಮಾಡಿಯಲ್ಲಿ ಭಾರಿ ವಾಹನಗಳಿಗೆ ಅವಕಾಶವಿಲ್ಲ, ದೊಡ್ಡ ಬಸ್ಸುಗಳು ಮಡಿಕೇರಿ–ಸಂಪಾಜೆ ಸುತ್ತಿ ಬರಬೇಕು. ವಿಮಾನ ಕೆಟ್ಟರೆ ಗಂಟೆಗಳ ಲೆಕ್ಕ, ಘಾಟಿ ಕೆಟ್ಟರೆ ದಿನಗಳ ಲೆಕ್ಕ. ಘಾಟಿ ಮುಚ್ಚಿದ ಸುದ್ದಿ ಬಂದ ಕೂಡಲೇ ವಿಮಾನದ ದರ ಜಿಗಿಯುತ್ತದೆ. ಭಾರಿ ಮಳೆಯ ಮುನ್ಸೂಚನೆ ಇದ್ದ ವಾರದಲ್ಲಿ ಹೋಗಲೇಬೇಕಾದರೆ ಆ ಸುದ್ದಿಗೆ ಕಾಯದೆ ಟಿಕೆಟ್ ತೆಗೆದಿಡಿ.

ಡಿಸೆಂಬರ್–ಜನವರಿಯಲ್ಲಿ ಸಮಸ್ಯೆ ಬೆಂಗಳೂರಿನ ಕಡೆಗೆ ಬರುತ್ತದೆ. ದೇವನಹಳ್ಳಿಯ ಬಯಲಿನಲ್ಲಿ ಬೆಳಗಿನ ಜಾವದಿಂದ ಎಂಟರವರೆಗೆ ಮಂಜು ಕವಿಯುತ್ತದೆ. ಬೇರೆ ತಿಂಗಳಲ್ಲಿ ದಿನದ ಮೊದಲ ವಿಮಾನವೇ ಹೆಚ್ಚು ನಂಬಿಕಸ್ತ, ಯಾಕೆಂದರೆ ಹಿಂದಿನ ಸುತ್ತುಗಳ ತಡ ಅದಕ್ಕೆ ಅಂಟಿರುವುದಿಲ್ಲ. ಈ ಎರಡು ತಿಂಗಳು ಮಾತ್ರ ಬೆಳಿಗ್ಗೆ ಹತ್ತರ ನಂತರದ್ದನ್ನು ಹಿಡಿಯಿರಿ. ಅಕ್ಟೋಬರ್ ಕೊನೆ, ನವೆಂಬರ್ ನೋಡಿ, ಎಲ್ಲ ದಾರಿಯೂ ಸುಗಮ. ತೊಳೆದಿಟ್ಟಂಥ ಘಟ್ಟವನ್ನು ಕಿಟಕಿಯಿಂದ ನೋಡುವುದಕ್ಕೂ ಅದೇ ಹೊತ್ತು. ಸಮಯ ಇದ್ದವರು ಆಗ ಹಗಲು ರೈಲಿನಲ್ಲಿ ಒಮ್ಮೆ ಹೋಗಬೇಕು, ಅಷ್ಟು ಚೆಂದ.

ಸಾಮಾನು, ಮತ್ತು ವಿದೇಶದಿಂದ ಬರುವವರು

ದೇಶದೊಳಗಿನ ಸಾಮಾನ್ಯ ಟಿಕೆಟ್‌ಗೆ ಕೊಡುವ ಬ್ಯಾಗು 15 ಕೆ.ಜಿ., ಕೈಚೀಲ 7 ಕೆ.ಜಿ. ಊರಿಂದ ಬರುವಾಗ ಅಮ್ಮ ಕಟ್ಟಿಕೊಡುವ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳ ಸೇರಿದರೆ 15 ಕೆ.ಜಿ. ಎಲ್ಲಿ ಸಾಲುತ್ತದೆ? ಹೆಚ್ಚಿನ ತೂಕಕ್ಕೆ ಕೌಂಟರಿನಲ್ಲಿ ಕೊಡುವ ದುಡ್ಡು ದುಬಾರಿ. ಮೊದಲೇ ಆನ್‌ಲೈನಲ್ಲಿ ಕೊಂಡರೆ ಸ್ವಲ್ಪ ಕಡಿಮೆ. ಒಣಕೊಬ್ಬರಿ ವಿಮಾನದಲ್ಲಿ ನಿಷಿದ್ಧ. ಅದರ ಎಣ್ಣೆಯಂಶ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು ಎಂಬುದು ಕಾರಣ. ಉಪ್ಪಿನಕಾಯಿ ಭರಣಿಯನ್ನು ಕೈಚೀಲದಲ್ಲಿಡದೆ ದೊಡ್ಡ ಬ್ಯಾಗಿನಲ್ಲಿ ಹಾಕಿ. ಗೋಣಿಚೀಲ ಇದ್ದರೆ ಬಸ್ಸೇ ಗತಿ.

ವಿದೇಶದಿಂದ ಬೆಂಗಳೂರಿಗೆ ಬಂದು ಮಂಗಳೂರಿಗೆ ಹೋಗುವವರು ಬೆಂಗಳೂರಿನಲ್ಲೇ ಬ್ಯಾಗು ಇಳಿಸಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕು. ವಿದೇಶದ ವಿಮಾನಗಳು ಟರ್ಮಿನಲ್ 2ಕ್ಕೆ ಬರುತ್ತವೆ, ಮಂಗಳೂರಿನ ವಿಮಾನ ಕಂಪನಿಯನ್ನು ನೋಡಿಕೊಂಡು 1ರಿಂದಲೂ ಹೊರಡಬಹುದು. ಟಿಕೆಟ್‌ನಲ್ಲಿ ಟರ್ಮಿನಲ್ ಸಂಖ್ಯೆ ನೋಡಿ. ಎರಡರ ನಡುವೆ ಶಟಲ್ ಬಸ್ಸಿದೆ. ಎರಡೂ ಒಂದೇ ಟಿಕೆಟ್‌ನಲ್ಲಿದ್ದರೆ ಮೊದಲನೆಯದು ತಡವಾದಾಗ ಮುಂದಿನದರ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ಆದರೆ ಹೊಣೆ ನಿಮ್ಮದೇ, ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ. ದುಬೈ, ಅಬುಧಾಬಿಯಂಥ ಕೊಲ್ಲಿಯ ಊರುಗಳಿಂದ ಬರುವವರು ಮೊದಲು ಮಂಗಳೂರಿಗೇ ನೇರ ವಿಮಾನ ನೋಡಬೇಕು. ದರ ಎರಡು–ಮೂರು ಸಾವಿರ ಹೆಚ್ಚಾದರೂ ಬೆಂಗಳೂರಿನ ಕಾಯುವಿಕೆ ತಪ್ಪುತ್ತದೆ, ಮತ್ತು ವಿದೇಶಿ ಟಿಕೆಟ್‌ನಲ್ಲಿ ತರಬಹುದಾದ ಹೆಚ್ಚಿನ ತೂಕ ಬಜ್ಪೆಯವರೆಗೂ ಹಾಗೆಯೇ ಬರುತ್ತದೆ. ಬೇರೆ ಟಿಕೆಟ್ ಮಾಡಿಸಿದವರಿಗೆ ಬೆಂಗಳೂರಿನಲ್ಲಿ ಅದು 15 ಕೆ.ಜಿ.ಗೆ ಇಳಿದು, ಉಳಿದ ಕೆ.ಜಿ.ಗಳಿಗೆ ಬೇರೆಯೇ ದುಡ್ಡು ಕಟ್ಟಬೇಕಾಗುತ್ತದೆ.